ನೋವಾ ಹುತಾ: ಪಕ್ಷ ಕಟ್ಟಿಸಿದ ಊರು, ಪಕ್ಷ ಹೋದ ಮೇಲೂ ವಾಸಕ್ಕೆ ಯೋಗ್ಯವಾಗಿ ಉಳಿದದ್ದು ಹೇಗೆ?

ವಿಸ್ತುಲಾತೀರ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ನಾನು ಪೋಲೆಂಡಿನ ಕ್ರಾಕೋವ್ ನಗರದಲ್ಲಿದ್ದೇನೆ. ಬಾಡಿಗೆ ಮನೆ ಹುಡುಕುವಾಗ ಸಹೋದ್ಯೋಗಿಗಳು ಒಂದೇ ಮಾತು ಹೇಳಿದರು: ಎಲ್ಲಿ ಬೇಕಾದರೂ ಹಿಡಿಯಿರಿ, ಪೂರ್ವ ದಿಕ್ಕಿನ ನೋವಾ ಹುತಾ ಮಾತ್ರ ಬೇಡ, ಅದು ಕಮ್ಯುನಿಸ್ಟರ ಕಾಲದ ಬೂದು ಬಣ್ಣದ ಕಾರ್ಖಾನೆ ಊರು. ಕುತೂಹಲದಿಂದ ಟ್ರಾಮ್ ಹತ್ತಿ ಹೋಗಿ ನೋಡಿದರೆ ಅಲ್ಲಿ ಕಂಡದ್ದೇ ಬೇರೆ. ಮೂರು ನಾಲ್ಕು ಅಂತಸ್ತಿನ ಮನೆಗಳು, ಅವುಗಳ ನಡುವೆ ದೊಡ್ಡ ದೊಡ್ಡ ಅಂಗಳಗಳು, ಅಂಗಳ ತುಂಬ ಬೆಳೆದ ಮರಗಳು, ರಸ್ತೆ ದಾಟದೆಯೇ ಮಕ್ಕಳು ಶಾಲೆಗೆ ಹೋಗಬಹುದಾದ ವ್ಯವಸ್ಥೆ. ಆದರೆ ಅಲ್ಲಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಎತ್ತರದ ಕಾಂಕ್ರೀಟ್ ಬ್ಲಾಕುಗಳು ಸಾಲಾಗಿ ನಿಂತಿವೆ, ಅಲ್ಲಿ ಈ ಸೊಗಸಿಲ್ಲ.

ನನ್ನ ಪ್ರಶ್ನೆ ಇಷ್ಟೆ: ಒಂದೇ ಆಳ್ವಿಕೆ, ಒಂದೇ ಸಿದ್ಧಾಂತ, ಒಂದೇ ಊರು, ಹೀಗಿದ್ದೂ ಎರಡು ಭಾಗಗಳ ನಡುವೆ ಇಷ್ಟು ಅಂತರ ಬಂದದ್ದು ಹೇಗೆ? ಮೊದಲ ಭಾಗ ಚೆನ್ನಾಗಿದ್ದರೆ ಅದರ ಶ್ರೇಯಸ್ಸು ಯಾರಿಗೆ ಸಲ್ಲಬೇಕು?

ಒಂದುಸಾಲು

ಸ್ಟಾಲಿನ್ ಕಾಲದ್ದು ಮೊದಲ ಭಾಗ, 1956ರಲ್ಲಿ ಪೋಲೆಂಡಿನ ಪಕ್ಷದ ನಾಯಕನಾದ ಗೊಮುವ್ಕಾ ಕಾಲದಿಂದ ಆಚೆಗಿನದು ಎರಡನೆಯ ಭಾಗ. ಆದ್ದರಿಂದ ಅದನ್ನು ಒಂದೇ ಆಳ್ವಿಕೆ ಎಂದು ಕರೆಯುವುದೇ ಸರಿಯಲ್ಲ.

ನಗರಶಿಲ್ಪಿ

ವಿಸ್ತುಲಾತೀರ ಅವರೇ, ನಗರ ಯೋಜನೆ ಕಲಿಸುವವನಾಗಿ ಈ ಊರಿನ ನಕ್ಷೆಯನ್ನು ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳ ಮುಂದೆ ಬಿಚ್ಚಿಡುತ್ತೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೋವಾ ಹುತಾದ ಮೊದಲ ವಸತಿ ಕಟ್ಟಡದ ಕೆಲಸ 1949ರ ಜೂನ್ 23ರಂದು ಮೊಗಿವಾ ಎಂಬ ಹಳ್ಳಿಯ ನೆಲದಲ್ಲಿ ಆರಂಭವಾಯಿತು. ಉಕ್ಕಿನ ಕಾರ್ಖಾನೆಯ ಕೆಲಸ ಶುರುವಾದದ್ದು ಮರುವರ್ಷ. ಒಂದು ಲಕ್ಷ ಜನರಿಗಾಗಿ ಊರೊಂದನ್ನು ಬರಿ ನೆಲದಿಂದ ಕಟ್ಟಬೇಕೆಂಬುದು ಆದೇಶವಾಗಿತ್ತು. ಮುಖ್ಯ ವಾಸ್ತುಶಿಲ್ಪಿ ತಾದೇವುಷ್ ಪ್ತಾಶಿತ್ಸ್ಕಿ. ಅವರು ಅದಕ್ಕೂ ಮೊದಲು, ಯುದ್ಧದಲ್ಲಿ ಹಾಳಾಗಿದ್ದ ವ್ರೊತ್ಸ್ವಾಫ್ ನಗರದ ಯೋಜನಾ ಕಚೇರಿಯನ್ನು ನಡೆಸಿದ್ದವರು. ಅವರ ತಂಡದಲ್ಲಿದ್ದ ಸ್ತನಿಸ್ವಾಫ್ ಯುಹ್ನೊವಿಚ್, ಯಾನುಷ್ ಇಂಗಾರ್ಡೆನ್, ಮಾರ್ತಾ ಇಂಗಾರ್ಡೆನ್ ಮೊದಲಾದವರು ಆಗಿನ್ನೂ ಎಳೆಯರು. ಇವರು ಯಾರೂ ಮಾಸ್ಕೋದ ಕೈಪಿಡಿ ನೋಡಿ ಊರು ಕಟ್ಟಲು ಕಲಿತವರಲ್ಲ. ಇಂಗ್ಲೆಂಡಿನ ಉದ್ಯಾನ ನಗರಗಳು, ಅಮೆರಿಕದ ಕ್ಲಾರೆನ್ಸ್ ಪೆರಿ 1920ರ ದಶಕದಲ್ಲಿ ಮಂಡಿಸಿದ್ದ ನೆರೆಹೊರೆ ಘಟಕದ ಕಲ್ಪನೆ, ಯುದ್ಧಪೂರ್ವ ವಾರ್ಸಾದ ಸಹಕಾರಿ ವಸತಿಗಳು, ಇವೆಲ್ಲ ಅವರ ಪೀಳಿಗೆಗೆ ತಿಳಿದಿದ್ದ ಸಂಗತಿಗಳು.

ಊರನ್ನು ಅವರು ಸುಮಾರು ಐದಾರು ಸಾವಿರ ಜನರ ಘಟಕಗಳಾಗಿ ವಿಂಗಡಿಸಿದರು. ಪ್ರತಿ ಘಟಕಕ್ಕೂ ತನ್ನದೇ ಶಾಲೆ, ಶಿಶುವಿಹಾರ, ಅಂಗಡಿಗಳು, ಚಿಕಿತ್ಸಾಲಯ. ವಾಹನಗಳು ಓಡುವ ದೊಡ್ಡ ರಸ್ತೆ ಘಟಕದ ಅಂಚಿನಲ್ಲಿ, ಬದುಕು ಒಳಗೆ. ರಸ್ತೆಯ ಬದಿಗೆ ಕಟ್ಟಡಗಳ ಗಂಭೀರವಾದ ಮುಖ, ಕಮಾನಿನಡಿ ಹಾದು ಒಳಗೆ ಹೋದರೆ ಅಂಗಳ. ನಿಮಗೆ ಹಿತವೆನಿಸಿದ್ದು ಈ ವಿನ್ಯಾಸವೇ, ಮುಂಭಾಗದ ಕಂಬಗಳೂ ಅಲಂಕಾರದ ಪಟ್ಟಿಗಳೂ ಅಲ್ಲ. 1949ರಲ್ಲಿ ಪೋಲೆಂಡಿನ ವಾಸ್ತುಶಿಲ್ಪಿಗಳ ಮೇಲೆ ಸಮಾಜವಾದಿ ವಾಸ್ತವವಾದವನ್ನು (ಸೋವಿಯತ್ ಮಾದರಿಯ, ಅಲಂಕಾರ ತುಂಬಿದ ಭವ್ಯ ಶೈಲಿ) ಅಧಿಕೃತ ಶೈಲಿಯಾಗಿ ಹೇರಿದ ಮೇಲೆ, ತಮಗೆ ಬೇಕಾದ ನಕ್ಷೆಯನ್ನು ಇವರು ಬಿಡಲಿಲ್ಲ. ಪಕ್ಷಕ್ಕೆ ಬೇಕಾದ ಉಡುಪನ್ನು ಅದಕ್ಕೆ ತೊಡಿಸಿದರು. ಆ ಉಡುಪನ್ನೂ ಅವರು ಮಾಸ್ಕೋದಿಂದ ತರಿಸದೆ ಕ್ರಾಕೋವಿನ ರಿನೈಸಾನ್ಸ್ ಕಟ್ಟಡಗಳಿಂದಲೇ ಆಯ್ದುಕೊಂಡರು. ಕಾರ್ಖಾನೆಯ ಹೆಬ್ಬಾಗಿಲಿನ ಆಡಳಿತ ಕಟ್ಟಡಗಳ ನೆತ್ತಿಯ ಮೇಲಿರುವ ಅಲಂಕಾರದ ಗೋಡೆಸಾಲನ್ನು ನೋಡಿ, ಬಳಿಕ ಹಳೆಯ ಪೇಟೆಯ ಜವಳಿ ಮಾರುಕಟ್ಟೆಯ ಕಟ್ಟಡವನ್ನು ನೋಡಿ; ನಂಟು ತಾನಾಗಿಯೇ ಕಾಣುತ್ತದೆ.

ಹಳೆಬೇರು

ನಗರಶಿಲ್ಪಿಯವರ ವಿವರಣೆ ಚೆನ್ನಾಗಿದೆ, ಆದರೆ "ಬರಿ ನೆಲ" ಎಂಬ ಮಾತಿಗೆ ನನ್ನ ತೀವ್ರ ಆಕ್ಷೇಪವಿದೆ. ಅದು ಬರಿ ನೆಲವಾಗಿರಲಿಲ್ಲ. ಕ್ರಾಕೋವ್ ಸುತ್ತಮುತ್ತಲಿನ ಅತ್ಯಂತ ಫಲವತ್ತಾದ ಕಪ್ಪು ಮಣ್ಣು ಇದ್ದದ್ದು ಅಲ್ಲಿಯೇ. ಮೊಗಿವಾದಲ್ಲಿ 13ನೆಯ ಶತಮಾನದಿಂದ ಸಿಸ್ಟರ್ಶಿಯನ್ ಸನ್ಯಾಸಿಗಳ ಮಠವಿತ್ತು, ಸುತ್ತ ತರಕಾರಿ ಮತ್ತು ಧಾನ್ಯ ಬೆಳೆಯುವ ಒಕ್ಕಲು ಕುಟುಂಬಗಳಿದ್ದವು. ಬೆಳೆ ನಿಂತಿದ್ದ ಹೊಲಗಳಿಗೇ ಅಳತೆಯವರು ನುಗ್ಗಿದರು. ಪರಿಹಾರ ಅಲ್ಪವಾಗಿತ್ತು, ಅದೂ ತಡವಾಗಿ ಬಂತು. ಆ ರೈತರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಯೋಜನೆ ಎಷ್ಟೇ ಸೊಗಸಾಗಿರಲಿ, ಅಷ್ಟು ವಿಶಾಲವಾದ ಅಂಗಳಗಳೂ ಅಗಲವಾದ ಹೆದ್ದಾರಿಗಳೂ ಸಾಧ್ಯವಾದದ್ದು ಭೂಮಿಗೆ ಬೆಲೆಯೇ ಇಲ್ಲವೆಂಬಂತೆ ಅದನ್ನು ಕಿತ್ತುಕೊಂಡದ್ದರಿಂದ. ಶ್ರೇಯಸ್ಸು ಯಾರಿಗೆ ಎಂದು ಕೇಳುವಾಗ ಈ ಲೆಕ್ಕವನ್ನೂ ಸೇರಿಸಲೇಬೇಕು.

ನಗರಶಿಲ್ಪಿ

ಹಳೆಬೇರು ಅವರೇ, ಕಟ್ಟಡಗಳಿಲ್ಲದ ನೆಲ ಎಂಬ ಅರ್ಥದಲ್ಲಿ ನಾನು ಆ ಪದ ಬಳಸಿದ್ದೆ. ನಿಮ್ಮ ಮಾತಿನ ತಿರುಳು ಸತ್ಯ, ಮತ್ತು ಅದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಅಲ್ಲಗಳೆಯುವುದಿಲ್ಲ. ಸಮಾಜವಾದಿ ಯುಗದ ನಗರವನ್ನು ರೂಪಿಸಿದ ಅತಿ ದೊಡ್ಡ ಶಕ್ತಿ ಯಾವುದೆಂದರೆ ಶೈಲಿಯಲ್ಲ, ಭೂಮಿಯ ಮೇಲಿನ ಹಿಡಿತ. ವಾರ್ಸಾದಲ್ಲಿ 1945ರ ಅಕ್ಟೋಬರ್ 26ರ ಆಜ್ಞೆ ನಗರದ ನೆಲವನ್ನೆಲ್ಲ ಒಂದೇ ಏಟಿಗೆ ಪೌರಾಡಳಿತದ ಕೈಗೆ ಒಪ್ಪಿಸಿತು. ಆ ಒಂದು ಕಾಗದವಿಲ್ಲದಿದ್ದರೆ ಅಲ್ಲಿನ ಹೊಸ ಹೆದ್ದಾರಿಗಳೂ ಇಲ್ಲ, ನಗರಮಧ್ಯದ ಗಗನಚುಂಬಿಯಾದ ಸಂಸ್ಕೃತಿ ಭವನದ ಸುತ್ತಲಿನ ಬಯಲೂ ಇಲ್ಲ.

ವಾರ್ಸಾ ಕನ್ನಡಿಗ

ಆ ಆಜ್ಞೆಯ ನೋವು ವಾರ್ಸಾದಲ್ಲಿ ಇಂದಿಗೂ ಮುಗಿದಿಲ್ಲ. ಹಳೆಯ ಮಾಲೀಕರ ವಾರಸುದಾರರು ಹಕ್ಕು ಕೇಳಿ ನ್ಯಾಯಾಲಯಗಳಿಗೆ ಹೋದದ್ದು, ಆ ಹಕ್ಕುಗಳನ್ನು ಕೊಂಡು ವ್ಯಾಪಾರ ಮಾಡಿದವರು ಹುಟ್ಟಿಕೊಂಡದ್ದು, ಮನೆಗಳಲ್ಲಿ ಬಾಡಿಗೆಗಿದ್ದವರು ಬೀದಿಗೆ ಬಿದ್ದದ್ದು ಇಲ್ಲಿ ದೊಡ್ಡ ರಾಜಕೀಯ ವಿವಾದವೇ ಆಯಿತು. ನಗರವನ್ನು ರೂಪಿಸಿದ ಕಾನೂನು ಎಪ್ಪತ್ತು ವರ್ಷ ಕಳೆದ ಮೇಲೂ ಯಾರದೋ ಮನೆಯ ಬಾಗಿಲು ತಟ್ಟುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ಕಂಡಿದ್ದೇನೆ.

ಕಾಡುಮಲ್ಲಿಗೆ

ನಾನು ಕೇಳಿದ ಪ್ರಕಾರ, ಕ್ರಾಕೋವಿನ ಮೇಲಿನ ಸಿಟ್ಟಿಗೆ ಸರ್ಕಾರ ಈ ಕಾರ್ಖಾನೆಯನ್ನು ಅಲ್ಲಿಗೆ ತಂದಿತಂತೆ. ವಿದ್ವಾಂಸರು, ಪಾದ್ರಿಗಳು, ಹಳೆಯ ಮನೆತನದವರು ತುಂಬಿದ್ದ ಊರು 1946ರ ಜನಮತ ಸಂಗ್ರಹದಲ್ಲಿ ಕಮ್ಯುನಿಸ್ಟರಿಗೆ ಎದುರಾಗಿ ಮತ ಹಾಕಿದ್ದಕ್ಕೆ ಶಿಕ್ಷೆಯಾಗಿ ಕಾರ್ಮಿಕರ ನಗರವನ್ನು ಪಕ್ಕದಲ್ಲಿ ತಂದು ಕೂರಿಸಿದರೆಂದು ಹೇಳುತ್ತಾರೆ. ಇದು ನಿಜವೇ?

ಇತಿಹಾಸದ ಓದುಗ

ಮೇಡಂ, ಈ ಕಥೆಯನ್ನು ಕ್ರಾಕೋವಿನಲ್ಲಿ ಎಲ್ಲರೂ ಹೇಳುತ್ತಾರೆ, ಆದರೆ ಅದೊಂದೇ ಕಾರಣವೆಂದು ಒಪ್ಪಲು ಆಗುವುದಿಲ್ಲ. ಜನಮತ ಸಂಗ್ರಹದಲ್ಲಿ ಕ್ರಾಕೋವ್ ಎದುರು ಮತ ಹಾಕಿದ್ದು ಖಚಿತ, ಸಮಾಜದ ಬಣ್ಣ ಬದಲಾದರೆ ಒಳ್ಳೆಯದೆಂದು ಪಕ್ಷದ ನಾಯಕರು ಬಯಸಿದ್ದೂ ಸಹಜ. ಆದರೆ ಉಕ್ಕಿನ ಕಾರ್ಖಾನೆಗೆ ಬೇಕಾದದ್ದು ಸಿಟ್ಟಲ್ಲ, ನೀರು. ವಿಸ್ತುಲಾ ನದಿ ಪಕ್ಕದಲ್ಲಿದೆ. ಪಶ್ಚಿಮಕ್ಕೆ ಸಿಲೇಸಿಯಾದ ಕಲ್ಲಿದ್ದಲು, ಪೂರ್ವದಿಂದ ಸೋವಿಯತ್ ಅದಿರು, ಎರಡನ್ನೂ ತರುವ ರೈಲು ಮಾರ್ಗ, ಸಮತಟ್ಟಾದ ನೆಲ, ಸುತ್ತಲ ಹಳ್ಳಿಗಳಲ್ಲಿ ತುಂಡು ಭೂಮಿಯನ್ನು ನಂಬಿ ಬದುಕಲಾರದ ಲಕ್ಷಾಂತರ ಕೈಗಳು, ಎಂಜಿನಿಯರುಗಳನ್ನು ತಯಾರಿಸುವ ಗಣಿ ಮತ್ತು ಲೋಹಶಾಸ್ತ್ರ ವಿದ್ಯಾಲಯ: ಇಷ್ಟೆಲ್ಲ ಒಂದೆಡೆ ಸಿಗುವ ಜಾಗಗಳು ಹೆಚ್ಚಿರಲಿಲ್ಲ.

ಇನ್ನೊಂದು ಸಂಗತಿಯನ್ನು ಹಲವರು ಮರೆಯುತ್ತಾರೆ. ಹೊಸ ಉಕ್ಕಿನ ಕಾರ್ಖಾನೆಯೊಂದರ ವಿನ್ಯಾಸಕ್ಕಾಗಿ ಪೋಲೆಂಡ್ 1947ರಲ್ಲಿ ಸಂಪರ್ಕಿಸಿದ್ದು ಷಿಕಾಗೋದ ಫ್ರೈನ್ ಎಂಬ ಅಮೆರಿಕದ ಸಂಸ್ಥೆಯನ್ನು. ಯುರೋಪಿಗೆ ಅಮೆರಿಕ ಕೊಡಲು ಮುಂದಾದ ಮಾರ್ಷಲ್ ನೆರವಿನ ಯೋಜನೆಯನ್ನು ತಿರಸ್ಕರಿಸಿ ಸೋವಿಯತ್ ಒಕ್ಕೂಟದತ್ತ ತಿರುಗಿದ ಮೇಲೆ ಎಲ್ಲವೂ ಬದಲಾಯಿತು. 1948ರ ಜನವರಿಯ ಒಪ್ಪಂದದ ಬಳಿಕ ಯಂತ್ರಗಳೂ ನಕ್ಷೆಗಳೂ ಅಲ್ಲಿಂದ ಬರತೊಡಗಿದವು. ಹಾಗಾಗಿ ಕಾರ್ಖಾನೆ ಬೇಕೆಂಬ ಹಂಬಲ ಸೋವಿಯತ್ ನೆರವಿಗಿಂತ ಹಿಂದಿನದು. 1954ರ ಜುಲೈಯಲ್ಲಿ ಮೊದಲ ಬ್ಲಾಸ್ಟ್ ಫರ್ನೇಸ್ (ಅದಿರು ಕರಗಿಸುವ ದೊಡ್ಡ ಕುಲುಮೆ) ಹೊತ್ತಿಕೊಳ್ಳುವ ಹೊತ್ತಿಗೆ ಕಾರ್ಖಾನೆಗೆ ಲೆನಿನ್ ಹೆಸರು ಬಂದಾಗಿತ್ತು.

ಭಿಲಾಯಿ ಬಳಗ

ಇತಿಹಾಸದ ಓದುಗರ ಬರಹ ಓದಿ ರೋಮಾಂಚನವಾಯಿತು. ನಮ್ಮ ತಂದೆಯವರು ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ನಾನು ಬೆಳೆದದ್ದು ಅಲ್ಲಿನ ಸೆಕ್ಟರುಗಳಲ್ಲಿ. 1955ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟದ ನಡುವೆ ಭಿಲಾಯಿಯ ಒಪ್ಪಂದವಾಯಿತು, 1959ರಲ್ಲಿ ಮೊದಲ ಬ್ಲಾಸ್ಟ್ ಫರ್ನೇಸ್ ಉರಿಯಿತು. ನಮ್ಮ ಸೆಕ್ಟರಿನಲ್ಲಿಯೂ ಶಾಲೆ, ಆರೋಗ್ಯ ಕೇಂದ್ರ, ಮಾರುಕಟ್ಟೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದವು. ಮನೆ, ಆಸ್ಪತ್ರೆ, ಆಟದ ಮೈದಾನ, ಮಕ್ಕಳ ಬೇಸಿಗೆ ಶಿಬಿರ ಎಲ್ಲಕ್ಕೂ ಕಾರ್ಖಾನೆಯೇ ಯಜಮಾನ. ನೋವಾ ಹುತಾದಲ್ಲಿಯೂ ಹೀಗೆಯೇ ಇತ್ತೇ? ಕಾರ್ಖಾನೆ ಸೊರಗಿದಾಗ ಊರಿನ ಗತಿ ಏನಾಯಿತು?

ಇತಿಹಾಸದ ಓದುಗ

ಬಹುಮಟ್ಟಿಗೆ ಹಾಗೆಯೇ ಇತ್ತು. 1970ರ ದಶಕದ ಕೊನೆಗೆ ಕಾರ್ಖಾನೆಯಲ್ಲಿ ಸುಮಾರು 38,000 ಜನ ದುಡಿಯುತ್ತಿದ್ದರು, ವರ್ಷಕ್ಕೆ 60 ಲಕ್ಷ ಟನ್ನಿಗೂ ಮಿಕ್ಕಿ ಉಕ್ಕು ಹೊರಬರುತ್ತಿತ್ತು. ರಜೆಯ ವಿಶ್ರಾಂತಿಧಾಮಗಳು, ಕ್ರೀಡಾಸಂಘ, ಸಾಂಸ್ಕೃತಿಕ ಕೇಂದ್ರ ಎಲ್ಲದರ ಹಿಂದೆ ಕಾರ್ಖಾನೆಯ ಹಣವಿತ್ತು. 1990ರಲ್ಲಿ ಲೆನಿನ್ ಹೆಸರು ಹೋಗಿ ಲೋಹತಜ್ಞ ತಾದೇವುಷ್ ಸೆಂಜಿಮಿರ್ ಅವರ ಹೆಸರು ಬಂತು, ಮುಂದೆ ಅದು ಆರ್ಸೆಲರ್‌ಮಿತ್ತಲ್ ಸಂಸ್ಥೆಯ ಪಾಲಾಯಿತು. ಬ್ಲಾಸ್ಟ್ ಫರ್ನೇಸನ್ನು 2019ರ ಕೊನೆಯಲ್ಲಿ ನಿಲ್ಲಿಸಿದರು, 2020ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚುವುದಾಗಿ ಪ್ರಕಟಿಸಿದರು. ಉಕ್ಕಿನ ಹಾಳೆ ತಯಾರಿಸುವ ಘಟಕಗಳು ಉಳಿದಿವೆ.

ಊರು ಸಾಯದೆ ಉಳಿದದ್ದಕ್ಕೆ ಒಂದು ಸರಳ ಕಾರಣವಿದೆ: 1951ರಲ್ಲಿಯೇ ನೋವಾ ಹುತಾವನ್ನು ಕ್ರಾಕೋವ್ ನಗರಕ್ಕೆ ಸೇರಿಸಿದ್ದರು. ಕಾರ್ಖಾನೆಯ ಕೆಲಸ ಹೋದವನು ಟ್ರಾಮ್ ಹತ್ತಿ ನಗರದಲ್ಲಿ ಬೇರೆ ಕೆಲಸ ಹುಡುಕಬಹುದಿತ್ತು. ಒಂಟಿಯಾಗಿ ನಿಂತ ಕಾರ್ಖಾನೆ ಊರುಗಳಿಗೆ ಆ ಭಾಗ್ಯವಿರಲಿಲ್ಲ.

ಅಂಗಳದಮ್ಮ

ನಾನು ಮಿಸ್ತ್ಶೆಯೊವಿತ್ಸೆಯ ಕಾಂಕ್ರೀಟ್ ಬ್ಲಾಕಿನಲ್ಲಿ ಮಕ್ಕಳೊಂದಿಗೆ ವಾಸವಾಗಿದ್ದೇನೆ, ಅಂದರೆ ಮೂಲ ಪ್ರಶ್ನೆಯಲ್ಲಿ "ಸೊಗಸಿಲ್ಲ" ಎನಿಸಿಕೊಂಡ ಭಾಗದಲ್ಲಿ. ಇಲ್ಲಿನ ಬದುಕಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ಹೊರಗಿನಿಂದ ಬ್ಲಾಕುಗಳೆಲ್ಲ ಒಂದೇ ತರಹ ಕಾಣುತ್ತವೆ, ಒಪ್ಪುತ್ತೇನೆ. ಆದರೆ ಬ್ಲಾಕುಗಳ ನಡುವಿನ ಅಂತರ ಸಾಕಷ್ಟಿದೆ, ಚಳಿಗಾಲದಲ್ಲಿಯೂ ಕಿಟಕಿಗೆ ಬಿಸಿಲು ಬರುತ್ತದೆ. ಶಾಲೆ, ಚಿಕಿತ್ಸಾಲಯ, ಅಂಗಡಿ, ಟ್ರಾಮ್ ಎಲ್ಲವೂ ನಡಿಗೆಯ ದೂರದಲ್ಲಿವೆ. ಇತ್ತೀಚೆಗೆ ಖಾಸಗಿ ಬಿಲ್ಡರುಗಳು ಕಟ್ಟಿದ ವಸತಿ ಸಮುಚ್ಚಯಗಳಲ್ಲಿರುವ ಗೆಳತಿಯರ ಮನೆಗೆ ಹೋದಾಗ ಎದುರು ಮನೆಯ ಅಡುಗೆಮನೆಯೇ ಕೈಗೆ ಸಿಗುವಷ್ಟು ಹತ್ತಿರ, ಸುತ್ತ ಬೇಲಿ, ಮಕ್ಕಳಿಗೆ ಆಡಲು ನಾಲ್ಕು ಚದರದ ಜಾಗ. ನನಗಂತೂ ಹಳೆಯ ಯೋಜಕರೇ ತಾಯಂದಿರ ಕಷ್ಟ ಅರಿತಿದ್ದರು ಎನಿಸುತ್ತದೆ.

ತೊಂದರೆ ಇರುವುದು ಮನೆಯೊಳಗೆ. ಕೋಣೆಗಳು ಇಕ್ಕಟ್ಟು, ಅಡುಗೆಮನೆ ಒಬ್ಬರು ನಿಲ್ಲುವಷ್ಟು, ಗೋಡೆಯಾಚೆ ಮಾತಾಡಿದ್ದೆಲ್ಲ ಈಚೆಗೆ ಕೇಳಿಸುತ್ತದೆ.

ನಗರಶಿಲ್ಪಿ

ಮೇಡಂ, ಆ ಇಕ್ಕಟ್ಟಿಗೆ ಒಂದು ಸರ್ಕಾರಿ ದಾಖಲೆ ಕಾರಣ, ಮತ್ತು ಮೂಲ ಪ್ರಶ್ನೆಯ ಅರ್ಧ ಉತ್ತರವೂ ಅದರಲ್ಲಿಯೇ ಇದೆ. 1959ರಲ್ಲಿ ಪೋಲೆಂಡ್ ಸರ್ಕಾರ ವಸತಿ ಮಾನದಂಡವೊಂದನ್ನು ಜಾರಿಗೆ ತಂದಿತು. ಅದರಂತೆ ಮೂರು ಜನರ ಮನೆಗೆ 33ರಿಂದ 38 ಚದರ ಮೀಟರ್, ನಾಲ್ಕು ಜನರ ಮನೆಗೆ 42ರಿಂದ 48 ಚದರ ಮೀಟರ್. ಅದಕ್ಕಿಂತ ದೊಡ್ಡದನ್ನು ಕಟ್ಟುವಂತಿಲ್ಲ. ಕಿಟಕಿಯಿಲ್ಲದ ಕತ್ತಲೆ ಅಡುಗೆಮನೆಗಳು ಆ ಕಾಲದಲ್ಲಿ ಸಾಮಾನ್ಯವಾದವು. ಇದು ಕ್ರೌರ್ಯದಿಂದ ಹುಟ್ಟಿದ್ದಲ್ಲ. ಯುದ್ಧಾನಂತರ ಹುಟ್ಟಿದ ದೊಡ್ಡ ಪೀಳಿಗೆ ಬೆಳೆದು ನಿಂತಿತ್ತು, ಹಳ್ಳಿಗಳಿಂದ ನಗರಕ್ಕೆ ಜನ ಹರಿದು ಬರುತ್ತಿದ್ದರು, ಹೂಡಿಕೆಯ ಹಣದ ದೊಡ್ಡ ಪಾಲನ್ನು ಭಾರೀ ಕೈಗಾರಿಕೆ ನುಂಗುತ್ತಿತ್ತು. ಒಂದು ಒಳ್ಳೆಯ ಮನೆಯ ಬದಲು ಎರಡು ಸಣ್ಣ ಮನೆ ಎಂಬುದು ಗೊಮುವ್ಕಾ ಸರ್ಕಾರದ ಆಯ್ಕೆಯಾಯಿತು.

ಅದರ ಜೊತೆಗೆ ಕಟ್ಟುವ ವಿಧಾನವೂ ಬದಲಾಯಿತು. 1954ರ ಡಿಸೆಂಬರಿನಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಮಾಸ್ಕೋದಲ್ಲಿ ಕಟ್ಟಡಗಳ ಅಲಂಕಾರವನ್ನು ದುಂದುವೆಚ್ಚವೆಂದು ಖಂಡಿಸಿದ ಮೇಲೆ ಶೈಲಿಯ ಹೇರಿಕೆ ಸಡಿಲವಾಯಿತು. ನೋವಾ ಹುತಾದಲ್ಲಿ ಆ ಬಿಡುಗಡೆಯ ಮೊದಲ ಫಲ ಬಹಳ ಸಿಹಿಯಾಗಿಯೇ ಇತ್ತು: 1950ರ ದಶಕದ ಕೊನೆಯಲ್ಲಿ ಮಾರ್ತಾ ಮತ್ತು ಯಾನುಷ್ ಇಂಗಾರ್ಡೆನ್ ವಿನ್ಯಾಸಗೊಳಿಸಿದ, ಸ್ವೀಡಿಷ್ ಬ್ಲಾಕ್ ಎಂದು ಕರೆಯುವ ವಸತಿ ಕಟ್ಟಡವನ್ನು ನೋಡಿ, ಎಷ್ಟು ಹಗುರ, ಎಷ್ಟು ಬೆಳಕು! ಆದರೆ ಮುಂದೆ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಫಲಕಗಳು ಬಂದವು. ಕ್ರೇನಿನ ಹಳಿಗಳನ್ನು ಆಗಾಗ ಕಿತ್ತು ಹಾಕದಿರಲು ಬ್ಲಾಕುಗಳು ಉದ್ದವಾದವು, ನೇರವಾದವು. ವಾಸ್ತುಶಿಲ್ಪಿಯ ಕೈಯಲ್ಲಿ ಉಳಿದದ್ದು ಬ್ಲಾಕುಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನ ಮಾತ್ರ. ಬಿಯೆನ್‌ಚಿತ್ಸೆ, ಮಿಸ್ತ್ಶೆಯೊವಿತ್ಸೆ ಬಡಾವಣೆಗಳು ಹೀಗೆ ಹುಟ್ಟಿದವು. ಅಂಗಳದಮ್ಮನವರು ಹೇಳಿದ ಬಿಸಿಲು, ಅಂತರ, ಶಾಲೆಯ ಸಾಮೀಪ್ಯ, ಇವು ಆ ಕಷ್ಟದಲ್ಲಿಯೂ ಯೋಜಕರು ಬಿಟ್ಟುಕೊಡದೆ ಕಾಪಾಡಿಕೊಂಡ ಅಂಶಗಳು.

ವಾರ್ಸಾ ಕನ್ನಡಿಗ

ಕತ್ತಲೆ ಅಡುಗೆಮನೆ ನೋಡಬೇಕಾದರೆ ವಾರ್ಸಾದ "ಕಬ್ಬಿಣದ ಬಾಗಿಲಿನಾಚೆ" ಎಂಬ ಬಡಾವಣೆಗೆ ಬನ್ನಿ. 1965 ಮತ್ತು 1972ರ ನಡುವೆ ಕಟ್ಟಿದ, ಹದಿನೈದು ಅಂತಸ್ತಿಗೂ ಮಿಕ್ಕಿದ ಹತ್ತೊಂಬತ್ತು ಬ್ಲಾಕುಗಳು ನಗರದ ನಟ್ಟನಡುವೆ ನಿಂತಿವೆ.

ಇದಕ್ಕಿಂತ ಮುಖ್ಯವಾದ ಉದಾಹರಣೆ ವಾರ್ಸಾದ ಮುರಾನೂಫ್. ನಾಜಿಗಳು ಯಹೂದಿಗಳನ್ನು ಕೂಡಿಹಾಕಿ, ಕೊನೆಗೆ ನೆಲಸಮ ಮಾಡಿದ ಪ್ರದೇಶವದು. ಬೊಹ್ದಾನ್ ಲಾಖೆರ್ತ್ ಎಂಬ ವಾಸ್ತುಶಿಲ್ಪಿ 1940ರ ದಶಕದ ಕೊನೆಯಲ್ಲಿ ಅಲ್ಲಿ ಬಡಾವಣೆ ಕಟ್ಟುವಾಗ ಅವಶೇಷಗಳ ರಾಶಿಯನ್ನು ಪೂರ್ತಿ ಸಾಗಿಸಲಾಗದೆ, ಅದರ ಮೇಲೆಯೇ ಮನೆಗಳನ್ನು ಎಬ್ಬಿಸಿದರು. ಪುಡಿಯಾದ ಇಟ್ಟಿಗೆಯನ್ನೇ ಕಾಂಕ್ರೀಟಿಗೆ ಬೆರೆಸಿದರು. ಗಾರೆ ಬಳಿಯದೆ ಆ ಕೆಂಪು ಗೋಡೆಗಳನ್ನು ಹಾಗೆಯೇ ಬಿಡಬೇಕು, ಅದೇ ಸತ್ತವರಿಗೆ ಸ್ಮಾರಕ ಎಂಬುದು ಅವರ ಇಚ್ಛೆಯಾಗಿತ್ತು. ನೋಡಲು ಮಂಕಾಗಿದೆಯೆಂಬ ದೂರು ಬಂದು, ಅಧಿಕೃತ ಶೈಲಿಯ ಒತ್ತಡವೂ ಸೇರಿ, ಬಿಳಿ ಗಾರೆ ಬಳಿದು ಅಲಂಕಾರ ಮಾಡಿಬಿಟ್ಟರು. ಇಂದು ಆ ಬೀದಿಗಳಲ್ಲಿ ನಡೆಯುವಾಗ ಮನೆಗಳು ಸುತ್ತಲಿನ ನೆಲಕ್ಕಿಂತ ಎತ್ತರದ ದಿಬ್ಬದ ಮೇಲೆ ನಿಂತಿರುವುದು ಕಾಣುತ್ತದೆ. ಆ ದಿಬ್ಬ ಯಾವುದರಿಂದ ಆದದ್ದು ಎಂದು ತಿಳಿದ ಮೇಲೆ ಅಲ್ಲಿ ನಡೆಯುವುದು ಸುಲಭವಲ್ಲ.

ಕಾಡುಮಲ್ಲಿಗೆ

ಮುರಾನೂಫಿನ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಬರೆದದ್ದಕ್ಕೆ ಧನ್ಯವಾದಗಳು, ಸರ್.

ಹಳೆಬೇರು

ಮತ್ತೆ ನೋವಾ ಹುತಾಕ್ಕೆ ಬರೋಣ. ಅಂಗಳ, ಶಾಲೆ, ಚಿಕಿತ್ಸಾಲಯ ಎಲ್ಲವನ್ನೂ ಹೊಗಳಿದಿರಿ. ನಕ್ಷೆಯಲ್ಲಿ ಇಲ್ಲದಿದ್ದದ್ದರ ಬಗ್ಗೆ ಯಾರೂ ಮಾತನಾಡಲಿಲ್ಲ. ಲಕ್ಷ ಜನರ ಊರಿಗೆ, ಅದೂ ಹಳ್ಳಿಗಳಿಂದ ಬಂದ ಶ್ರದ್ಧಾವಂತ ಕ್ಯಾಥೊಲಿಕರ ಊರಿಗೆ, ಒಂದೇ ಒಂದು ಚರ್ಚನ್ನು ಯೋಜಕರು ಗುರುತಿಸಲಿಲ್ಲ. 1956ರ ಬಳಿಕ ಜಾಗ ಕೊಟ್ಟಂತೆ ಮಾಡಿ, ಶಿಲುಬೆ ನೆಡಿಸಿ, ಆಮೇಲೆ ಅನುಮತಿಯನ್ನು ಹಿಂತೆಗೆದುಕೊಂಡರು. 1960ರ ಏಪ್ರಿಲ್ 27ರಂದು ಆ ಶಿಲುಬೆಯನ್ನು ಕೀಳಲು ಆಳುಗಳು ಬಂದಾಗ ಮೊದಲು ಎದುರು ನಿಂತವರು ಹೆಂಗಸರು. ಸಂಜೆಯ ಹೊತ್ತಿಗೆ ಬೀದಿ ಕಾಳಗವಾಗಿ, ಪೊಲೀಸರು ಅಶ್ರುವಾಯು ಸಿಡಿಸಿ, ನೂರಾರು ಜನ ಬಂಧಿತರಾದರು. ಒಳ್ಳೆಯ ಯೋಜನೆ ಎಂಬ ಹೊಗಳಿಕೆಯ ಮುಂದೆ ಈ ಸತ್ಯವನ್ನು ಎಲ್ಲಿ ಇಡುತ್ತೀರಿ?

ಇತಿಹಾಸದ ಓದುಗ

ಹಳೆಬೇರು ಅವರು ಹೇಳಿದ ಘಟನೆಗಳು ನಿಜ. ಒಂದು ಸೇರ್ಪಡೆ: ಮೊಗಿವಾದ ಮಠವೂ ಅದರ ಎದುರಿನ ಹಳೆಯ ಮರದ ಚರ್ಚೂ ಉಳಿದುಕೊಂಡಿದ್ದವು, ಪೂಜೆ ನಡೆಯುತ್ತಲೇ ಇತ್ತು. ಆದರೆ ಹೊಸ ಊರಿನೊಳಗೆ ಹೊಸ ಚರ್ಚು ಬೇಡವೆಂಬುದೇ ನಿಲುವಾಗಿತ್ತು.

ಅದರ ಉತ್ತರಭಾಗವನ್ನೂ ಹೇಳಬೇಕು. ಬಿಯೆನ್‌ಚಿತ್ಸೆಯಲ್ಲಿ ಚರ್ಚು ಕಟ್ಟಲು 1967ರಲ್ಲಿ ಅನುಮತಿ ದೊರೆಯಿತು. ವಾಸ್ತುಶಿಲ್ಪಿ ವೊಯ್ಚೆಹ್ ಪಿಯೆತ್ಶಿಕ್ ದೊಡ್ಡ ನೌಕೆಯ ಆಕಾರದಲ್ಲಿ ಅದನ್ನು ವಿನ್ಯಾಸಗೊಳಿಸಿದರು. ಕಟ್ಟಲು ಸರ್ಕಾರ ನೆರವಾಗಲಿಲ್ಲ. ದೇಶವಿದೇಶಗಳಿಂದ ಬಂದ ಸ್ವಯಂಸೇವಕರು ದುಡಿದರು, ಹೊರಗೋಡೆಗೆ ಹಚ್ಚಲು ಪೋಲೆಂಡಿನ ನದಿಗಳಿಂದ ಆಯ್ದ ನುಣುಪುಗಲ್ಲುಗಳನ್ನು ಜನರು ಕಳುಹಿಸಿದರು, ಅವುಗಳ ಸಂಖ್ಯೆ ಸುಮಾರು ಇಪ್ಪತ್ತು ಲಕ್ಷ. 1977ರ ಮೇ 15ರಂದು ಕಾರ್ಡಿನಲ್ ಕರೋಲ್ ವೊಯ್ತಿವಾ ಅದನ್ನು ಪ್ರತಿಷ್ಠಾಪಿಸಿದರು. ಮರುವರ್ಷ ಅವರು ಪೋಪ್ ಎರಡನೆಯ ಜಾನ್ ಪಾಲ್ ಆದರು. 1979ರಲ್ಲಿ ಪೋಪ್ ಆಗಿ ತಾಯ್ನಾಡಿಗೆ ಬಂದಾಗ ಈ ಚರ್ಚಿಗೆ ಬರಲು ಸರ್ಕಾರ ಬಿಡಲಿಲ್ಲ, ಅವರು ಮೊಗಿವಾದ ಮಠಕ್ಕೆ ಬಂದು ಜನರನ್ನು ಕಂಡರು.

ನಗರಶಿಲ್ಪಿ

ಹಳೆಬೇರು ಅವರ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಆ ಸತ್ಯವನ್ನು ಯೋಜನೆಯ ಪಕ್ಕದಲ್ಲಿ ಅಲ್ಲ, ಯೋಜನೆಯ ಒಳಗೆಯೇ ಇಡಬೇಕು. ಚರ್ಚನ್ನು ಬಿಟ್ಟದ್ದು ಮರೆವಲ್ಲ, ತೀರ್ಮಾನ. ಆದರೆ ಅದೇ ಯೋಜನೆ ಜನರನ್ನು ಒಂದೇ ಅಂಗಳದಲ್ಲಿ, ಒಂದೇ ಶಾಲೆಯ ಬಾಗಿಲಲ್ಲಿ, ಒಂದೇ ಪಾಳಿಯ ಟ್ರಾಮಿನಲ್ಲಿ ದಿನವೂ ಭೇಟಿ ಮಾಡಿಸಿತು. 1960ರಲ್ಲಿ ಶಿಲುಬೆ ಕೀಳಲು ಬಂದರೆಂಬ ಸುದ್ದಿ ಕೆಲವೇ ಗಂಟೆಗಳಲ್ಲಿ ಸಾವಿರಾರು ಜನರನ್ನು ಸೇರಿಸಿದ್ದು ಈ ಅಂಗಳಗಳ ಮೂಲಕವೇ ಎಂಬುದು ನನ್ನ ನಂಬಿಕೆ. 1980ರ ದಶಕದಲ್ಲಿ, ಪಕ್ಷದ ಹಿಡಿತಕ್ಕೆ ಸಿಗದ ಕಾರ್ಮಿಕ ಸಂಘವಾದ ಸಾಲಿಡಾರಿಟಿಯ ಬಲವಾದ ಕೋಟೆಗಳಲ್ಲಿ ಲೆನಿನ್ ಕಾರ್ಖಾನೆಯೂ ಒಂದಾಗಿತ್ತು; 1988ರ ಏಪ್ರಿಲ್ ಕೊನೆಯಲ್ಲಿ ಅಲ್ಲಿ ನಡೆದ ಮುಷ್ಕರವನ್ನು ಮೇ 5ರ ನಸುಕಿನಲ್ಲಿ ಬಲಪ್ರಯೋಗದಿಂದ ಮುರಿದರು. ವಿಧೇಯ ಕಾರ್ಮಿಕರನ್ನು ಬೆಳೆಸಲು ಕಟ್ಟಿದ ಊರು ಒಗ್ಗಟ್ಟಿನ ಕಾರ್ಮಿಕರನ್ನು ಬೆಳೆಸಿತು.

ಹಳೆಬೇರು

ಒಗ್ಗಟ್ಟಿಗೆ ಅಂಗಳ ಕಾರಣವೆಂಬುದನ್ನು ನಾನು ಒಪ್ಪುವುದಿಲ್ಲ. ಸಾಲಿಡಾರಿಟಿ ಹುಟ್ಟಿದ ಗ್ದಾನ್‌ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಇಂಥ ಅಂಗಳಗಳಲ್ಲಿ ಬೆಳೆದವರಲ್ಲ, ಆದರೂ ಅವರೇ ಮೊದಲು ಎದ್ದು ನಿಂತರು. ನೋವಾ ಹುತಾದವರು ಒಂದಾದದ್ದು ನಂಬಿಕೆಯಿಂದ ಮತ್ತು ಅನ್ಯಾಯದ ಅನುಭವದಿಂದ. ಅದನ್ನು ಕಟ್ಟಡದ ಲೆಕ್ಕಕ್ಕೆ ಬರೆದರೆ ಏಟು ತಿಂದವರ ಪಾಲನ್ನು ನಕ್ಷೆ ಬರೆದವರಿಗೆ ಕೊಟ್ಟಂತಾಗುತ್ತದೆ.

ಅಂಗಳದಮ್ಮ

ನಿಮ್ಮಿಬ್ಬರ ಮಾತಿನಲ್ಲಿಯೂ ತೂಕವಿದೆ. ನಮ್ಮ ಪಕ್ಕದ ಮನೆಯ ಅಜ್ಜಿ ಯುವತಿಯಾಗಿದ್ದಾಗ ಹಳ್ಳಿಯಿಂದ ಬಂದು ಮೊದಲು ಮರದ ಬ್ಯಾರಕ್ಕಿನಲ್ಲಿ, ಕೆಸರಿನ ನಡುವೆ ಬದುಕಿದವರು. ನಲ್ಲಿಯಲ್ಲಿ ಬಿಸಿನೀರು ಬರುವ ಮನೆ ಸಿಕ್ಕ ದಿನ ಅತ್ತುಬಿಟ್ಟರಂತೆ. ಚರ್ಚು ಕಟ್ಟುವಾಗ ಕಲ್ಲು ಹೊತ್ತವರೂ ಅವರೇ. ಮನೆ ಕೊಟ್ಟದ್ದಕ್ಕೆ ಕೃತಜ್ಞತೆ, ಚರ್ಚು ಕೊಡದಿದ್ದಕ್ಕೆ ಸಿಟ್ಟು, ಎರಡೂ ಅವರಲ್ಲಿ ಒಟ್ಟಿಗೆ ಇವೆ.

ಒಂದುಸಾಲು

ಮನೆಗಳ ನೆಲದಡಿ ಅಣುದಾಳಿಯಿಂದ ತಪ್ಪಿಸಿಕೊಳ್ಳುವ ಆಶ್ರಯಗಳಿವೆಯೆಂದು ಕೇಳಿದ್ದೇನೆ, ಊರಿನ ಕಮಾನುಗಳೂ ಕೋಟೆಯಂತೆ ರಕ್ಷಣೆಗೆಂದೇ ಇಟ್ಟವಂತೆ.

ಇತಿಹಾಸದ ಓದುಗ

ಆಶ್ರಯಗಳು ಇರುವುದು ಖಚಿತ, ನೋವಾ ಹುತಾ ವಸ್ತುಸಂಗ್ರಹಾಲಯ ಅವುಗಳಲ್ಲೊಂದನ್ನು ಜನರಿಗೆ ತೋರಿಸುತ್ತದೆ. ಹಳೆಯ ಸ್ವಿಯತೋವಿದ್ ಚಿತ್ರಮಂದಿರದ ಕಟ್ಟಡದಲ್ಲಿ ಅದಿದೆ. ಕೊರಿಯಾ ಯುದ್ಧದ ವರ್ಷಗಳಲ್ಲಿ, ದೊಡ್ಡ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಊರು ಕಟ್ಟುವವರಿಗೆ ಆ ಭಯ ಇದ್ದೇ ಇತ್ತು. ಕಮಾನುಗಳ ಮಾತು ಬೇರೆ. ಮುಚ್ಚಿದ ಅಂಗಳಕ್ಕೆ ಒಳಹೋಗಲು ಕಮಾನು ಬೇಕೇ ಬೇಕು, ಅದಕ್ಕೆ ಸೈನ್ಯದ ಕಾರಣ ಹುಡುಕಬೇಕಾಗಿಲ್ಲ.

ಭಿಲಾಯಿ ಬಳಗ

ಹೊಗೆಯ ವಿಷಯ ಯಾರೂ ಎತ್ತಲಿಲ್ಲ. ಉಕ್ಕಿನ ಊರಿನಲ್ಲಿ ಬೆಳೆದವನಿಗೆ ಮೊದಲು ನೆನಪಾಗುವುದೇ ಬಟ್ಟೆ ಒಣಹಾಕಿದ ಮೇಲೆ ಕೂರುವ ಕೆಂಪು ಧೂಳು.

ನಗರಶಿಲ್ಪಿ

ಯೋಜಕರು ಕಾರ್ಖಾನೆಯನ್ನು ಊರಿನ ಪೂರ್ವಕ್ಕೆ ಇಟ್ಟರು, ನಡುವೆ ಹಸಿರು ಪಟ್ಟಿ ಬಿಟ್ಟರು. ಅಲ್ಲಿ ಹೆಚ್ಚಾಗಿ ಪಡುವಣ ಗಾಳಿ ಬೀಸುವುದರಿಂದ ಹೊಗೆ ಆಚೆ ಹೋಗುತ್ತದೆಂಬ ಲೆಕ್ಕ. ಆದರೆ ಕ್ರಾಕೋವ್ ಇರುವುದು ನದಿಕಣಿವೆಯಲ್ಲಿ. ಚಳಿಗಾಲದಲ್ಲಿ ಗಾಳಿಯೇ ಅಲುಗದ ದಿನಗಳು ಬಹಳ. ಕಾರ್ಖಾನೆ ಮೂಲ ಅಂದಾಜನ್ನು ಮೀರಿ ಹಲವು ಪಟ್ಟು ಬೆಳೆದಾಗ ಆ ಹಸಿರು ಪಟ್ಟಿ ಯಾವುದಕ್ಕೂ ಸಾಲಲಿಲ್ಲ. ಹಳೆಯ ಪೇಟೆಯ ಸುಣ್ಣಕಲ್ಲಿನ ಶಿಲ್ಪಗಳು ಆಮ್ಲಮಳೆಗೆ ಕರಗಿದವು. ಎಲ್ಲ ದೋಷವನ್ನೂ ನೋವಾ ಹುತಾದ ತಲೆಗೆ ಕಟ್ಟುವುದೂ ನ್ಯಾಯವಲ್ಲ, ಏಕೆಂದರೆ ಮನೆಮನೆಯ ಕಲ್ಲಿದ್ದಲ ಒಲೆಗಳ ಪಾಲು ದೊಡ್ಡದಿತ್ತು. ಕ್ರಾಕೋವ್ ನಗರದೊಳಗೆ ಕಲ್ಲಿದ್ದಲು ಮತ್ತು ಸೌದೆ ಸುಡುವುದನ್ನು 2019ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದ ಮೇಲೆಯೇ ಗಾಳಿ ಎದ್ದುಕಾಣುವಷ್ಟು ತಿಳಿಯಾಯಿತು.

ಕಾಡುಮಲ್ಲಿಗೆ

ಕೇಂದ್ರ ಚೌಕದ ಚಿತ್ರ ನೋಡಿದೆ. ಮೂರು ಕಡೆ ಕಟ್ಟಡಗಳಿವೆ, ದಕ್ಷಿಣ ದಿಕ್ಕು ಮಾತ್ರ ತೆರೆದಿದೆ. ಅದು ಬೇಕೆಂದೇ ಬಿಟ್ಟದ್ದೇ?

ನಗರಶಿಲ್ಪಿ

ಅಲ್ಲ, ಅಲ್ಲಿ ಭವ್ಯವಾದ ರಂಗಮಂದಿರ ಬರಬೇಕಿತ್ತು. ಚೌಕದಿಂದ ಉತ್ತರಕ್ಕೆ ಹೋಗುವ ಗುಲಾಬಿ ಬೀದಿಯ ತುದಿಯಲ್ಲಿ ಗೋಪುರವುಳ್ಳ ಪುರಭವನವೂ ಬರಬೇಕಿತ್ತು. ಹಣ ಮುಗಿಯಿತು, ಶೈಲಿ ಬದಲಾಯಿತು, ಎರಡೂ ಏಳಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಊರಿಗೆ ಒದಗಿದ ಪುಣ್ಯ. ಪಕ್ಷದ ವೈಭವ ಮೆರೆಯಬೇಕಿದ್ದ ಜಾಗದಿಂದ ಇಂದು ವಿಸ್ತುಲಾ ಬಯಲಿನ ಹುಲ್ಲುಗಾವಲು ಕಾಣುತ್ತದೆ. ಆ ಹುಲ್ಲುಗಾವಲನ್ನು ಪರಿಸರದ ದೃಷ್ಟಿಯಿಂದ ಈಗ ಸಂರಕ್ಷಿಸಲಾಗಿದೆ.

ವಿಸ್ತುಲಾತೀರ

ಇಷ್ಟು ವಿಸ್ತಾರವಾದ ಚರ್ಚೆಗೆ ಎಲ್ಲರಿಗೂ ಕೃತಜ್ಞತೆಗಳು. ಹಳೆಬೇರು ಅವರ ಮಾತು ನನ್ನನ್ನು ಬಹಳ ಕಾಡಿತು. ಆ ಅಂಗಳಗಳಲ್ಲಿ ಯಾರ ಹೊಲವಿತ್ತೆಂದು ಯೋಚಿಸದೆ ಇನ್ನು ನಡೆಯಲಾರೆ. ಕೊನೆಗೆ ಒಂದು ಸಂಸಾರದ ಪ್ರಶ್ನೆ: ನನ್ನ ತಂದೆ ತಾಯಿ ಬಂದು ಕೆಲಕಾಲ ಇರುವವರಿದ್ದಾರೆ. ಹಳೆಯ ಭಾಗದಲ್ಲಿ ಮನೆ ಹಿಡಿಯುವುದು ಸೂಕ್ತವೇ?

ಅಂಗಳದಮ್ಮ

ಹಳೆಯ ಭಾಗದ ಬಹುತೇಕ ಮನೆಗಳಿಗೆ ಲಿಫ್ಟ್ ಇಲ್ಲ, ಹಿರಿಯರಿದ್ದರೆ ನೆಲಮಹಡಿ ಅಥವಾ ಮೊದಲ ಮಹಡಿಯನ್ನೇ ಹಿಡಿಯಿರಿ. ಸೂರು ಎತ್ತರ, ಗೋಡೆ ದಪ್ಪ, ಬೇಸಿಗೆಯಲ್ಲಿ ತಂಪು. ಕಾರಿದ್ದರೆ ನಿಲ್ಲಿಸುವ ಜಾಗದ ಬಗ್ಗೆ ಮೊದಲೇ ವಿಚಾರಿಸಿ, ಏಕೆಂದರೆ ಕಾರಿಲ್ಲದವರ ಕಾಲದಲ್ಲಿ ಕಟ್ಟಿದ ಊರಿದು, ಸಂಜೆಯ ಮೇಲೆ ಅಂಗಳದಲ್ಲಿ ಜಾಗವೇ ಇರುವುದಿಲ್ಲ.

ಹಳೆಬೇರು

ಹಿರಿಯರು ಬಂದಾಗ ಮೊಗಿವಾದ ಮಠಕ್ಕೂ ಅವರನ್ನು ಕರೆದುಕೊಂಡು ಹೋಗಿ. ಆ ನೆಲದ ಚರಿತ್ರೆ 1949ರಿಂದ ಶುರುವಾಗುವುದಿಲ್ಲ.

ನಗರಶಿಲ್ಪಿ

ಬಾಡಿಗೆಗೆ ಹಿಡಿದು ಮುಂದೆ ಕೊಳ್ಳುವ ಯೋಚನೆಯಿದ್ದರೆ ಒಂದು ಮಾತು ತಿಳಿದಿರಲಿ. ಹಳೆಯ ಭಾಗದ ನಗರವಿನ್ಯಾಸವನ್ನು 2004ರಲ್ಲಿ ಸ್ಮಾರಕಗಳ ಪಟ್ಟಿಗೆ ಸೇರಿಸಿದ್ದಾರೆ, 2023ರಲ್ಲಿ ಅದಕ್ಕೆ ರಾಷ್ಟ್ರೀಯ ಮಹತ್ವದ ಚಾರಿತ್ರಿಕ ಸ್ಮಾರಕವೆಂಬ ಮನ್ನಣೆಯೂ ದೊರೆತಿದೆ. ಹಾಗಾಗಿ ಕಿಟಕಿಯ ಚೌಕಟ್ಟು ಬದಲಿಸುವುದಾಗಲಿ, ಬಾಲ್ಕನಿಗೆ ಗಾಜು ಹಾಕಿಸುವುದಾಗಲಿ, ಹೊರಮೈಗೆ ಸಂಬಂಧಿಸಿದ ಯಾವ ಕೆಲಸಕ್ಕೂ ಕೈ ಹಾಕುವ ಮುನ್ನ ಸ್ಮಾರಕ ಸಂರಕ್ಷಣಾಧಿಕಾರಿಯ ಅನುಮತಿ ಬೇಕೇ ಎಂದು ವಿಚಾರಿಸಿಕೊಳ್ಳಿ.